ಪತ್ರಿ ಮುಗಿಯುವವರೆಗೆ

ಬುಟ್ಟಿಯಲ್ಲಿ ಬಿಲ್ವಪತ್ರಿ ಇವತ್ತೂ ಹೆಚ್ಚಾಗಿತ್ತು. ಸೌಂದರ್ಯಾ ಅದನ್ನು ನೋಡಿಯೂ ನೋಡದವಳ ಹಾಗೆ ಒಂದೊಂದೇ ದಳ ಎತ್ತಿ, ಹುಳ ತಿಂದು ತೂತು ಮಾಡಿದ್ದನ್ನು ಬದಿಗಿಟ್ಟು, ಮೂರೆಸಳೂ ನೆಟ್ಟಗಿದ್ದದ್ದನ್ನು ನೀರಲ್ಲಿ ಅದ್ದಿ ತಾಟಿಗೆ ಹಾಕುತ್ತಿದ್ದಳು. ಇಷ್ಟು ಸಾಕು ಎನ್ನುವ ಹೊತ್ತು ಬಂದು ಹೋಗಿತ್ತು. ಬಂದಾಗ ಅವಳಿಗೆ ಗೊತ್ತಾಗಿತ್ತು, ಕೈಗೂ ಗೊತ್ತಾಗಿತ್ತು, ಆದರೆ ಕೈ ನಿಲ್ಲಲಿಲ್ಲ. ಲಿಂಗಪ್ಪನಿಗೆಂದು ತಾಟಿಗೆ ಬಿದ್ದ ಪತ್ರಿಯಲ್ಲಿ ಒಂದನ್ನೂ ಉಳಿಸಬಾರದು ಎನ್ನುವುದು ಅತ್ತೆ ಮುರಿಗೆವ್ವನ ನೇಮ. ಒಂದು ದಳ, ಒಂದು ಮಂತ್ರ, ಅಂಗೈಯ ಮೇಲಿನ ಇಷ್ಟಲಿಂಗದ ತಲೆಗೆ ಅದನ್ನು ಏರಿಸಿ ಒಂದು ಗಳಿಗೆ ಕಣ್ಣು ಮುಚ್ಚುವುದು. ತಾಟು ಬರಿದಾಗುವವರೆಗೆ ಆಕೆ ಮಣೆಯಿಂದ ಏಳುವವಳಲ್ಲ, ಒಂದು ಗುಟುಕು ನೀರೂ ಕುಡಿಯುವವಳಲ್ಲ. ಸೌಂದರ್ಯಾ ಇನ್ನೊಂದು ಹಿಡಿ ಅದ್ದಿದಳು. ಹೊರಗೆ ಬೈರಿದೇವರಕೊಪ್ಪದ ರಸ್ತೆಯಲ್ಲಿ ಧಾರವಾಡಕ್ಕೆ ಹೋಗುವ ಬಸ್ಸು ಬುಸ್ಸೆಂದು ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ತನ್ನ ಮೇಲೆಯೇ ಯಾರೋ ನಿಟ್ಟುಸಿರು ಬಿಟ್ಟಂತಾಗಿ ಅವಳು ಹಿಂದಕ್ಕೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಹೇಳಿಲ್ಲ.

"ಸೌಂದರ್ಯಾ, ನಂದು ಜಳಕಾ ಆತು. ಸೂಜಿ ತಾರವಾ."

ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತ ಹೋದಳು. ಅತ್ತೆಯ ಹೊಟ್ಟೆಯ ಚರ್ಮ ಹಳೆಯ ಇಳಕಲ್ಲ ಸೀರೆಯ ಹಾಗೆ ಮೆತ್ತಗೆ ಮಡಿಕೆ ಬಿದ್ದಿತ್ತು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಚುಚ್ಚುವಾಗ ಮುರಿಗೆವ್ವ ಯಾವತ್ತಿನಂತೆ ಗೋಡೆ ನೋಡುತ್ತ, "ನಿನ್ನ ಕೈ ಹಗೂರ ಐತಿ ನೋಡು. ಬಸುಂದು ದನದ ಡಾಕ್ಟರನ ಕೈ," ಎಂದಳು. ಬಸು ಎಂದರೆ ಮಗ ಬಸವಪ್ರಭು, ಸೌಂದರ್ಯಾಳ ಗಂಡ. ಅಮರಗೋಳದ ಮಾರುಕಟ್ಟೆಯಲ್ಲಿ ಅವನ ಕಾಳಿನ ಅಂಗಡಿ. ಬೆಳಿಗ್ಗೆ ಬೇಗ ಹೋದವನು ಹರಾಜಿನ ಸವಾಲು ಶುರುವಾಗುವ ಮೊದಲು ತಪ್ಪದೆ ಫೋನು ಮಾಡಿ ಅವ್ವನ ನಾಷ್ಟಾ ಆಯಿತೇ ಎಂದು ಕೇಳುತ್ತಾನೆ. ಸೂಜಿ ಮಾಡಿದ ಅರ್ಧ ತಾಸಿನೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು ಎಂದು ಉಣಕಲ್ಲಿನ ಡಾಕ್ಟರು ಅವನೆದುರಿಗೇ, ಸೌಂದರ್ಯಾಳ ಮುಖ ನೋಡಿ ಹೇಳಿದ್ದರು. ಪೂಜೆಯಾದ ಮೇಲೆ ಸೂಜಿ ಮಾಡಿದರೆ ಸರಿಹೋಗುತ್ತಿತ್ತು. ಆದರೆ ವಿಭೂತಿ ಹಚ್ಚಿದ ಮೈಗೆ ಚುಚ್ಚಿಸಿಕೊಳ್ಳುವುದು ಮುರಿಗೆವ್ವನಿಗೆ ಸೇರದು. ಮೊದಲೆಲ್ಲ ಅದರಿಂದ ತೊಂದರೆಯೂ ಇರಲಿಲ್ಲ. ಸೂಜಿ ಮಾಡಿಸಿಕೊಂಡು ಕೂತರೆ, ಒಲೆಯ ಮೇಲಿನ ಉಪ್ಪಿಟ್ಟು ಆರುವುದರೊಳಗೆ ಪೂಜೆ ಮುಗಿಯುತ್ತಿತ್ತು. ಅದು ಪತ್ರಿ ಇಷ್ಟಿಲ್ಲದ ದಿನಗಳ ಮಾತು. ಸೌಂದರ್ಯಾ ತಾಟನ್ನು ಮಣೆಯ ಬಲಕ್ಕೆ, ಎಡೆಗೆ ತಂದ ಹಾಲು ಸಕ್ಕರೆಯ ಬಟ್ಟಲನ್ನು ಎಡಕ್ಕೆ ಇಟ್ಟಳು. ಅತ್ತೆ ತಾಟನ್ನು ಒಂದು ಸಲ ನೋಡಿದಳು, ಸೊಸೆಯನ್ನು ಒಂದು ಸಲ ನೋಡಿದಳು. ಮೊಣಕಾಲು ಹಿಡಿದುಕೊಂಡು ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದಳು. ಸೌಂದರ್ಯಾ ಬಾಗಿಲು ಎಳೆದುಕೊಂಡಳು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ದೇವರ ಕೋಣೆಯ ಕಿಟಕಿಯ ಕೆಳಗೇ ಇದೆ. ಅಲ್ಲಿ ಕೂತರೆ ಮಂತ್ರದ ಗುನುಗು ಕೇಳುತ್ತದೆ. ಗುನುಗು ನಡೆದಿರುವವರೆಗೆ ಈ ಮನೆಯಲ್ಲಿ ಅವಳನ್ನು ಕರೆಯುವವರು ಯಾರೂ ಇಲ್ಲ. ಮಗಳು ಶಾಲೆಯ ವ್ಯಾನು ಹತ್ತಿರುತ್ತಾಳೆ, ಗಂಡ ಅಂಗಡಿ ಸೇರಿರುತ್ತಾನೆ, ಅತ್ತೆ ಶಿವನ ಹತ್ತಿರ ಇರುತ್ತಾಳೆ. ಇಡೀ ದಿನದಲ್ಲಿ ಇದೊಂದು ತುಂಡು ಹೊತ್ತು ಅವಳದು. ಸೆರಗಿನ ಮರೆಯಿಂದ ಫೋನು ತೆಗೆದಳು. ಕಪ್ಪು ಆಕಾಶ, ಅದರಲ್ಲಿ ಉರುಳುವ ಬಂಡೆಗಳು, ದೂರದಲ್ಲಿ ಒಂದು ನಿಲ್ದಾಣದ ದೀಪ. ಹಡಗು ತೆಗೆದುಕೊಂಡು ಹೊರಡುವುದು, ಬಂಡೆ ಒಡೆದು ಅದಿರು ತುಂಬಿಕೊಳ್ಳುವುದು, ಕಳ್ಳರ ಕಣ್ಣಿಗೆ ಬೀಳದೆ ತಿರುಗಿ ಬಂದು ಕಟ್ಟೆಗೆ ಹಚ್ಚುವುದು. ಆಟವೆಂದರೆ ಇಷ್ಟೇ, ಹೇಳಿದರೆ ನಗು ಬರುತ್ತದೆ. ಧಾರವಾಡದ ಕಾಲೇಜಿನ ಮಾಳಿಗೆಯ ಮೇಲೆ ಒಂದು ಸಂಜೆ ದುರ್ಬೀನಿನಲ್ಲಿ ಶನಿಯನ್ನು ತೋರಿಸಿದ್ದರು. ಸಾಲಿನಲ್ಲಿ ಹಿಂದೆ ನಿಂತವರು ಲಗೂ ಲಗೂ ಎಂದು ದೂಡಿದ್ದರಿಂದ ಬಳೆ ತೊಟ್ಟ ಆ ಚುಕ್ಕಿಯನ್ನು ಅವಳು ಸರಿಯಾಗಿ ನೋಡುವುದರೊಳಗೆ ಕೆಳಗಿಳಿಯಬೇಕಾಯಿತು. ಈ ಆಟದಲ್ಲಿ ಹಿಂದಿನಿಂದ ಯಾರೂ ದೂಡುವುದಿಲ್ಲ ಎಂದು ಮೊದಮೊದಲು ಅವಳಿಗೆ ಅನ್ನಿಸಿತ್ತು.

ಮೊದಲು ಅವಳಿಗೆ ಪುಕ್ಕಟೆ ಸಿಕ್ಕ ಚಿಕ್ಕ ಹಡಗಿತ್ತು. ಗುಬ್ಬಿ ಎಂದು ಹೆಸರಿಟ್ಟಿದ್ದಳು. ಗುಬ್ಬಿ ಪುರ್ರೆಂದು ಹೋಗಿ ನಾಲ್ಕು ಕಾಳು ಹೆಕ್ಕಿಕೊಂಡು ಪುರ್ರೆಂದು ಬರುತ್ತಿತ್ತು. ಒಳಗೆ ಕೊನೆಯ ಮಂತ್ರ, ಹೊರಗೆ ಗುಬ್ಬಿ ಕಟ್ಟೆಗೆ, ಎರಡಕ್ಕೂ ಮಾತಾಡಿಕೊಂಡಂತೆ ತಾಳ ಕೂಡುತ್ತಿತ್ತು. ಅತ್ತೆ "ಎಡಿ ತೋರಿಸಿದೆ, ಬಾರವಾ" ಎನ್ನುವಾಗ ಅವಳು ಫೋನು ಮುಚ್ಚಿ ಎದ್ದಿರುತ್ತಿದ್ದಳು, ಮುಖದಲ್ಲಿ ಎಲ್ಲಿಯೋ ಹೋಗಿ ಬಂದ ಕಳೆಯಿರುತ್ತಿತ್ತು. ಆಟದಲ್ಲಿ ಕೂಡಿಕೊಂಡವರದು ಒಂದು ಬಳಗ. ಮುಖಂಡ ಶಾಕೀರ, ಹಳೇಹುಬ್ಬಳ್ಳಿಯವನು, ಬರೆಯುವ ತಾಳ್ಮೆಯಿಲ್ಲದೆ ಯಾವಾಗಲೂ ಮಾತಾಡಿ ಧ್ವನಿ ಕಳಿಸುವವನು. ಇನ್ನೊಬ್ಬ ಲೋಹಿತ, ಧಾರವಾಡದ ಯಾವುದೋ ಸರ್ಕಾರಿ ಕಚೇರಿಯಲ್ಲಿದ್ದು ಊಟದ ಬಿಡುವಿನಲ್ಲಿ ಮಾತ್ರ ಆಡುವವನು. ಇಬ್ಬರನ್ನೂ ಅವಳು ಕಂಡಿಲ್ಲ. ಒಂದು ದಿನ ಶಾಕೀರ, "ಅಕ್ಕಾರ, ನಾವೆಲ್ಲಾ ಲಾರಿ ತಗೊಂಡು ಹೊಂಟೇವಿ, ನೀವಿನ್ನೂ ಟಾಂಗಾದಾಗ ಅಡ್ಡ್ಯಾಡಾಕತ್ತೀರಲ್ರಿ," ಎಂದ. ಉಳಿದವರು ನಗುವ ಚಿತ್ರ ಹಾಕಿದರು. ಅವತ್ತಿನಿಂದ ಅವಳು ಟಾಂಗಾ ಅಕ್ಕ. ಆಡಿದವರು ಮರೆತಿರಬೇಕು. ಅವಳು ರೊಟ್ಟಿ ಬಡಿಯುವಾಗ, ಮಗಳಿಗೆ ಜಡೆ ಹಾಕುವಾಗ ಟಕಟಕ ಎಂದು ಕುದುರೆ ಕಾಲಿನ ಸದ್ದು ಕೇಳಿಸಿಕೊಂಡಳು.

ಆಗ ಲೋಹಿತ ಅವಳ ಪರವಾಗಿಯೇ ಮಾತಾಡಿದ್ದ. ಅದು ಇನ್ನೂ ಕೆಟ್ಟದ್ದಾಯಿತು. "ಮೇಡಂ, ಹೊತ್ತು ಇದ್ದವರ ಮಾತು ಹೊತ್ತು ಇಲ್ಲದವರು ಕೇಳಬಾರದ್ರಿ. ದೊಡ್ಡ ಹಡಗು ಹೆಚ್ಚಿಗೆ ತರತೈತಿ, ಖರೇ. ಆದ್ರ ಅದಕ್ಕ ಹೊಳ್ಳಾಕಽ ಹೊತ್ತು ಹಿಡೀತೈತಿ, ನಡುವ ಬಿಟ್ಟು ಏಳಾಕ ಬರಂಗಿಲ್ಲ. ನಮ್ಮಂಥಾವರಿಗೆ ಸಣ್ಣದಽ ಛಲೋ," ಎಂದಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ತವರಿನಲ್ಲಿ ಅವ್ವ, ಇಲ್ಲಿ ಗಂಡ, ಈಗ ಮುಖ ಕಾಣದ ಒಬ್ಬ ಗುಮಾಸ್ತ. ನಮ್ಮಂಥವರು ಎಂದರೆ ಯಾರು? ಅವನಿಗೆ ಊಟದ ಬಿಡುವೆಂದು ಸರ್ಕಾರವೇ ಕೊಟ್ಟ ಹೊತ್ತಿದೆ, ಅವಳಿಗೆ ಯಾರು ಕೊಟ್ಟಿದ್ದಾರೆ? ಅವನು ಹೇಳಿದ್ದು ನಿಜವೆಂದು ಗೊತ್ತಿದ್ದುದರಿಂದಲೇ ಅವಳಿಗೆ ಸಿಟ್ಟು ಬಂತು. ಕುಕ್ಕರು ಕೂಗುತ್ತಿದ್ದಾಗ ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಿಂದ ಗುಬ್ಬಿಯನ್ನು ಕೊಟ್ಟು ದೊಡ್ಡದನ್ನು ತೆಗೆದುಕೊಂಡಳು. ಹಳೆಯದು ತಿರುಗಿ ಸಿಗುವುದಿಲ್ಲ, ಖಾತ್ರಿಯೇ ಎಂದು ಆಟ ಕೇಳಿತ್ತು. ಹೌದು ಎಂದು ಒತ್ತಿದ ಮೇಲೆ ಓದಿದಳು.

ದೊಡ್ಡದಕ್ಕೆ ಅವಳು ಹೆಸರಿಡಲೇ ಇಲ್ಲ, ಪುರಸೊತ್ತಾಗಲಿಲ್ಲ. ಅದು ಗಬ್ಬದ ಎಮ್ಮೆಯ ಹಾಗೆ ಏಳುವುದಕ್ಕೊಂದು ಹೊತ್ತು, ಹೊರಳುವುದಕ್ಕೊಂದು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೊಟ್ಟೆ ತುಂಬುವಷ್ಟರಲ್ಲಿ ಒಳಗಿನಿಂದ "ಬಾರವಾ" ಬರುತ್ತಿತ್ತು. ಫೋನು ಕಲ್ಲಿನ ಮೇಲೆ ಬಿಟ್ಟು ಓಡುತ್ತಿದ್ದಳು. ಉಪ್ಪಿಟ್ಟು ಬಡಿಸಿ ತಿರುಗಿ ಬಂದರೆ ಹಡಗನ್ನು ಕಳ್ಳರು ಬಳಿದುಕೊಂಡು ಹೋಗಿರುತ್ತಿದ್ದರು, ಬಳಗದ ಪಾಲೂ ಅದರಲ್ಲಿರುತ್ತಿತ್ತು. "ಎಲ್ಲಿ ಹೋದ್ರಿ ಅಕ್ಕಾರ? ನಡುದಾರ್ಯಾಗ ಲಾರಿ ಬಿಟ್ಟು ಇಳದು ಹೋಗೂದೇನ್ರಿ?" ಏನೆಂದು ಹೇಳಬೇಕು? ನಮ್ಮ ಅತ್ತೆಯ ಪೂಜೆ ಮುಗಿಯಿತು ಎಂದೇ? ಅಂಥದ್ದೇ ಒಂದು ದಿನ ಹೂವಿನ ಗುಲ್ಜಾರಬಿ ಬುಟ್ಟಿ ಖಾಲಿ ಮಾಡುವ ಅವಸರದಲ್ಲಿ ಉಳಿದ ಪತ್ರಿಯನ್ನೆಲ್ಲ ಅವಳ ಚೀಲಕ್ಕೆ ಸುರಿದು ಹೋಗಿದ್ದಳು. ಮರುದಿನ ಗುನುಗು ನಿಲ್ಲಲೇ ಇಲ್ಲ. ಹಡಗು ಕಟ್ಟೆಗೆ ಹತ್ತಿತು, ದೀಪ ಹಸಿರಾಯಿತು, ಆಮೇಲೂ ಒಳಗೆ ಮಂತ್ರ ನಡೆದಿತ್ತು. ಅವಳು ತಲೆಯೆತ್ತಿ ಕಿಟಕಿ ನೋಡಿದಳು. ಹೊಳೆಯಿತು. ಹೊಳೆದದ್ದಕ್ಕೆ ಮೈ ಬೆಚ್ಚಗಾಯಿತು, ಕೂಡಲೇ ಹೇಸಿಗೆಯೂ ಆಯಿತು. ಆದರೂ ಮಾರನೆಯ ದಿನ ಗುಲ್ಜಾರಬಿಗೆ, "ಪತ್ರಿ ಇನ್ನಷ್ಟು ಹಾಕ್ರಿ," ಎಂದಳು.

"ಯಾಕವಾ, ಮನ್ಯಾಗ ಏನರ ಹರಕಿ ಐತೇನು?"

"ಹೂಂ," ಎಂದಿದ್ದಳು. ಗುಲ್ಜಾರಬಿ ಯಾರ ಹರಕೆ ಎಂದು ಕೇಳಲಿಲ್ಲ. "ದೇವರು ಒಳ್ಳೇದು ಮಾಡ್ಲಿ," ಎಂದು ಒಂದು ಮೊಳ ಮಲ್ಲಿಗೆಯನ್ನೂ ಸೇರಿಸಿದಳು. ಆ ಮಲ್ಲಿಗೆ ಮುಡಿದುಕೊಳ್ಳಲಾಗದೆ ಅವಳು ಅದನ್ನು ತುಳಸಿಯ ಬುಡಕ್ಕೆ ಹಾಕಿದಳು. ಅದಕ್ಕಿಂತ ಕೆಟ್ಟದ್ದು ನೆರೆಮನೆಯ ಶರಣವ್ವ ಚಹಕ್ಕೆ ಬಂದ ದಿನ ಆದದ್ದು. "ನಮ್ಮ ಸೊಸಿ ಕೈ ದೊಡ್ಡದು. ಲಿಂಗಪ್ಪಗ ಏನೂ ಕಡಿಮಿ ಮಾಡಂಗಿಲ್ಲ," ಎಂದು ಮುರಿಗೆವ್ವ ಹೇಳಿದಳು. "ನೀ ಪುಣ್ಯಾ ಮಾಡೀಯಬೇ, ನಮ್ಮಾಕಿ ದೇವರ ದೀಪಾನೂ ಹಚ್ಚಂಗಿಲ್ಲ," ಎಂದು ಶರಣವ್ವ ಸೌಂದರ್ಯಾಳ ಗದ್ದ ಮುಟ್ಟಿ ಬೆರಳಿಗೆ ಮುತ್ತು ಕೊಟ್ಟುಕೊಂಡಳು. ಕಪ್ಪು ಬಸಿ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಅವಳು ಗದ್ದ ಒರೆಸಿಕೊಂಡಳು. ನಾಳೆ ಕಡಿಮೆ ಮಾಡಬೇಕು ಎಂದುಕೊಂಡಳು. ಆ ನಾಳೆಗಳು ಬಂದು ಹೋಗುತ್ತಲೇ ಇದ್ದವು. ಅತ್ತೆ ಪೂಜೆಯಿಂದ ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದುದನ್ನು, ಉಪ್ಪಿಟ್ಟಿನ ಮೊದಲ ತುತ್ತಿಗೆ ಕೈ ನಡುಗುತ್ತಿದ್ದುದನ್ನು ಅವಳು ಕಂಡಿದ್ದಳು. ವಯಸ್ಸು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಇವತ್ತು ದೊಡ್ಡ ಪಾಳಿ. ಬಳಗದ ಎಲ್ಲರ ಅದಿರನ್ನೂ ಅವಳ ಹಡಗಿಗೇ ತುಂಬಿದ್ದರು, ಈಗ ಎಲ್ಲರಿಗಿಂತ ದೊಡ್ಡ ಹೊಟ್ಟೆ ಅವಳದೇ. "ಅಕ್ಕಾರ, ಇವತ್ತ ನಿಮ್ಮ ಕೈಯಾಗ ಐತ್ರಿ. ನಡುವ ಏಳಬ್ಯಾಡ್ರಿ ಮತ್ತ," ಎಂದು ಶಾಕೀರನ ಧ್ವನಿ. "ಏಳಂಗಿಲ್ಲ," ಎಂದು ಅವಳೂ ಧ್ವನಿ ಕಳಿಸಿದಳು. ಎಷ್ಟೋ ದಿನದ ಮೇಲೆ ತನ್ನ ಕೊರಳು ಗಟ್ಟಿಯಾಗಿ ಕೇಳಿ ತಾನೇ ಬೆರಗಾದಳು. ಒಳಗೆ ಗುನುಗು ನಡೆದಿತ್ತು. ಕಲ್ಲಿನ ತಂಪು ಸೀರೆಯಿಂದ ಏರುತ್ತಿತ್ತು. ಪಕ್ಕದ ಮನೆಯ ನಳದ ನೀರು ಬಿಂದಿಗೆಗೆ ಬೀಳುವ ಸದ್ದು ಮೇಲೇರಿ ತುಂಬಿತು, ನಿಂತಿತು. ಹಡಗು ಹೊರಳಿ ನಿಲ್ದಾಣದ ಕಡೆ ಮುಖ ಮಾಡಿತು. ದೀಪ ದೊಡ್ಡದಾಗತೊಡಗಿತು. ಆಗ ಏನೋ ಕಡಿಮೆಯಾದಂತೆನಿಸಿತು. ಫ್ಯಾನು ನಿಂತ ಮೇಲೆ ಅದು ತಿರುಗುತ್ತಿತ್ತು ಎಂದು ಗೊತ್ತಾಗುವಂತೆ ಅವಳಿಗೆ ಗೊತ್ತಾಯಿತು. ಗುನುಗು ಇಲ್ಲ. "ಬಾರವಾ" ಎಂದೂ ಇಲ್ಲ. ಧ್ಯಾನಕ್ಕೆ ಕೂತಿರಬೇಕು ಎಂದುಕೊಂಡಳು. ಪತ್ರಿ ಮುಗಿದಿರಲಾರದು, ಅದನ್ನು ಅವಳೇ ಹಾಕಿದ್ದಳಲ್ಲ, ಅವಳಿಗೆ ಗೊತ್ತಿಲ್ಲವೇ? ಸೂಜಿ ಮಾಡಿ ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆ ಬಂದು ಬಾಗಿಲಲ್ಲಿ ನಿಂತಿತು. ಅವಳು ಅದನ್ನು ಒಳಗೆ ಕರೆಯಲಿಲ್ಲ. ಏಳಬೇಕು ಎಂದು ಕಾಲು ಹೇಳಿತು. ಹೆಬ್ಬೆರಳು ಪರದೆ ಬಿಡಲಿಲ್ಲ. ಇನ್ನೊಂದು ಸ್ವಲ್ಪ. ಕಟ್ಟೆ ಇಲ್ಲೇ ಇದೆ. ಇನ್ನೊಂದೇ ಸ್ವಲ್ಪ. ಹಡಗಿನ ಮೂತಿ ಕಟ್ಟೆಗೆ ತಾಗಿತು, ದೀಪ ಹಸಿರಾಯಿತು. "ಶಾಭಾಷ್ ಅಕ್ಕಾ!" ಎಂದು ಶಾಕೀರ ಕೂಗಿದ ಸದ್ದು ಹಿತ್ತಲ ಗೋಡೆಗೆ ಬಡಿದು, ತೆರೆದ ಕಿಟಕಿಯೊಳಗೆ ಹೋಯಿತು. ಅಷ್ಟು ದೊಡ್ಡ ಸದ್ದಿಗೂ ಒಳಗೆ ಯಾರೂ ಕೆಮ್ಮಲಿಲ್ಲ, ಬಳೆ ಅಲುಗಲಿಲ್ಲ. ಸೌಂದರ್ಯಾ ಓಡಿದಳು.

ಮುರಿಗೆವ್ವ ಮಣೆಯ ಮೇಲೆಯೇ ಗೋಡೆಗೆ ಒರಗಿದ್ದಳು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಲಿಂಗವಿದ್ದ ಎಡಗೈ ಎದೆಗೆ ಒತ್ತಿಕೊಂಡು ಮುಚ್ಚಿಹೋಗಿತ್ತು. ಬಲಗೈಯಲ್ಲಿ ಒಂದು ದಳ ಹಾಗೆಯೇ ಉಳಿದಿತ್ತು. ತಾಟಿನಲ್ಲಿ ಇನ್ನೂ ಹಸಿರು ಗುಡ್ಡೆ. "ಅತ್ತೀ, ಅತ್ತೀ," ಎಂದು ಭುಜ ಹಿಡಿದಳು, ಕುಪ್ಪಸ ಹಿಂಡುವಷ್ಟು ತೊಯ್ದಿತ್ತು. ಕಣ್ಣು ಅರೆ ತೆರೆದವು. ಎಡೆಯ ಹಾಲಿನ ಬಟ್ಟಲು ಕೈಗೆಟಕುವಲ್ಲೇ ಇತ್ತು. ಅಡುಗೆಮನೆಗೆ ಹಾರಿ ಹಿಡಿ ಸಕ್ಕರೆ ತಂದು ಅದರಲ್ಲಿ ಸುರಿದು ಬೆರಳಿನಿಂದ ಕಲಸಿ ಬಾಯಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಬಟ್ಟಲನ್ನು ಒತ್ತಿದಳು. ಹಲ್ಲು ಕಚ್ಚಿಕೊಂಡು ಆಕೆ ಮುಖ ತಿರುಗಿಸಿದಳು, ಹಾಲು ಗದ್ದದ ಮೇಲೆ ಹರಿಯಿತು.

"ಕುಡೀರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ, ಶುಗರ್ ಇಳದೈತಿ, ಕುಡೀರಿ..."

ಮುರಿಗೆವ್ವನ ಕಣ್ಣು ತಾಟಿನ ಕಡೆ ಹೊರಳಿತು. "ಪತ್ರಿ," ಎಂದಳು. ನಾಲಿಗೆ ತೊದಲಿತು. "ಪತ್ರಿ... ಅದಾವಲ್ಲ ಇನ್ನಾ."

ಸೌಂದರ್ಯಾಳಿಗೆ ಒಂದು ಕ್ಷಣ ಏನೂ ಕಾಣಲಿಲ್ಲ, ಆ ಹಸಿರು ಗುಡ್ಡೆ ಮಾತ್ರ ಕಂಡಿತು. ತಾನು ಆರಿಸಿ, ಅದ್ದಿ, ಹಿಡಿಹಿಡಿಯಾಗಿ ಹಾಕಿದ್ದು ಸಕ್ಕರೆಗೂ ಬಾಯಿಗೂ ನಡುವೆ ಕೂತಿತ್ತು. ತಾಟನ್ನೇ ಎತ್ತಿದಳು. ಇನ್ನೊಬ್ಬರ ಲಿಂಗ ಮುಟ್ಟಬಾರದೆಂಬ ನೆನಪು ಆಗಲೂ ಕೈಯನ್ನು ತಡೆಯಿತು. ಮುಟ್ಟದೆ, ಮೇಲಿನಿಂದ, ಮುಚ್ಚಿದ ಮುಷ್ಟಿಯ ಮೇಲೆ ಇಡೀ ತಾಟು ಬೋರಲು ಹಾಕಿದಳು. ಒದ್ದೆ ದಳಗಳು ಮುಷ್ಟಿಯ ಮೇಲೆ, ಎದೆಯ ಮೇಲೆ, ಮಡಿಲಿಗೆ, ನೆಲಕ್ಕೆ ಬಿದ್ದವು. "ಮುಗೀತ್ರಿ ಅತ್ತಿ, ಎಲ್ಲಾ ಮುಗೀತು, ನೋಡ್ರಿ, ಒಂದೂ ಉಳದಿಲ್ಲ. ಓಂ ನಮಃ ಶಿವಾಯ, ಓಂ ನಮಃ ಶಿವಾಯ," ಎಂದು ಅತ್ತೆಯ ಬದಲಿಗೆ ತಾನೇ ಅಳುತ್ತ ಹೇಳಿದಳು. ಮುರಿಗೆವ್ವ ಮುಷ್ಟಿಯನ್ನು ತಡೆದು ತಡೆದು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಾಯಿ ತೆರೆದಳು.

ಹಾಲು ಗುಟುಕು ಗುಟುಕಾಗಿ ಇಳಿಯಿತು. ಸೌಂದರ್ಯಾ ನೆಲದಲ್ಲೇ ಕೂತು ಅತ್ತೆಯ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡಿದ್ದಳು. ಡಾಕ್ಟರಿಗೆ ಫೋನು ಮಾಡಬೇಕು, ಗಂಡನಿಗೆ ಮಾಡಬೇಕು, ಆದರೆ ಫೋನು ಹಿತ್ತಲ ಕಲ್ಲಿನ ಮೇಲಿತ್ತು. ಅದನ್ನು ತರುವುದಕ್ಕೆ ಆ ತಲೆಯನ್ನು ಗೋಡೆಗೆ ಬಿಟ್ಟು ಏಳುವುದು ಅವಳಿಂದ ಆಗಲಿಲ್ಲ. ಬೆವರು ಆರತೊಡಗಿತು. ಎದೆಯ ಏರಿಳಿತ ಸಮವಾಯಿತು. ಈಗ ಬೈಯಲಿ ಎಂದು ಕಾದಳು. ಬೈದರೆ ಸಾಕು, ಬೈದುಬಿಟ್ಟರೆ ಅಳಬಹುದು ಎನ್ನಿಸಿತು. ಮುರಿಗೆವ್ವ ಲಿಂಗವನ್ನು ಕರಡಿಗೆಗೆ ಸೇರಿಸಿ, ಕೊರಳಿಗೆ ಸರಿಮಾಡಿಕೊಂಡು, ಮಡಿಲಿನ ಪತ್ರಿ ನೋಡುತ್ತ ಕೇಳಿದಳು:

"ನಿನ್ನ ಹಡಗ ದಂಡಿ ಮುಟ್ಟಿತೇನು?"

ಸೌಂದರ್ಯಾ ಕಿಟಕಿಯ ಕಡೆ ತಿರುಗಿದಳು.

"ಕಿಡಕಿ ತೆರದಽ ಇರತೈತಲ್ಲವಾ. ಆ ಹುಡುಗ ದಿನಾ ಹಡಗಾ, ಲಾರಿ, ಟಾಂಗಾ ಅಂತ ಒದರತಾನ. ಎಲ್ಲಾರ ಗಂಟು ಇವತ್ತ ನಿನ್ನ ಕೈಯಾಗ ಐತಿ ಅಂದ್ನಲ್ಲ. ಅದಕ್ಕ ನಾನೂ ಪತ್ರಿ ನಿಧಾನ ಏರಿಸಾಕತ್ತಿದ್ದೆ. ಆಮ್ಯಾಲ ಕಣ್ಣು ಕತ್ತಲಿ ಬಂತು."

"ಮುಟ್ಟಿತ್ರಿ," ಎಂದಳು ಸೌಂದರ್ಯಾ. ಸುಳ್ಳು ಹೇಳಬಹುದಿತ್ತು. ಗುನುಗು ನಿಂತದ್ದು ತನಗೆ ಕೇಳಿಸಿತ್ತು ಎಂದೂ ಹೇಳಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ.

"ಛಲೋ ಆತು." ಮುರಿಗೆವ್ವ ಕಣ್ಣು ಮುಚ್ಚಿದಳು. "ನಾಳಿಂದ ಮೊದಲಿನ ಆ ಸಣ್ಣದು ತಗೊಂಡು ಹೋಗು. ಲಗೂ ಬರತಿದ್ದಿ. ನನಗೂ ಮಣಕಾಲು ತಡಿಯಂಗಿಲ್ಲ."

"ಅದನ್ನ ಕೊಟ್ಟುಬಿಟ್ಟೇನ್ರಿ ಅತ್ತಿ. ಹೊಳ್ಳಿ ಸಿಗಂಗಿಲ್ಲ."

"ಅಯ್ಯ, ಅದನ್ಯಾಕ ಕೊಟ್ಟಿ?" ಎಂದಳು ಮುದುಕಿ, ಮನೆಯ ಚರಿಗೆಯೊಂದನ್ನು ಯಾರಿಗೋ ಎತ್ತಿ ಕೊಟ್ಟಳೇನೋ ಎಂಬಂತೆ. ಸೌಂದರ್ಯಾಳಿಗೆ ಅಳು ಒತ್ತಿ ಬಂತು. ಗುಬ್ಬಿಗಾಗಿ ಅತ್ತಳೋ ಈ ತೊಯ್ದ ಕುಪ್ಪಸಕ್ಕಾಗಿ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಬೈಗುಳಕ್ಕೆ ಬೆನ್ನು ಕೊಟ್ಟು ಕೂತವಳಿಗೆ ಇದು ಎದೆಗೇ ಬಂದು ಬಿದ್ದಿತ್ತು.

ಹಿತ್ತಲಲ್ಲಿ ಫೋನು ಹೊಡೆದುಕೊಂಡಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. "ಬಸುಂದು. ಹೋಗು, ನಾ ಕುಂಡ್ರತೇನಿ," ಎಂದಳು ಮುರಿಗೆವ್ವ, ನಿಜವಾಗಿಯೂ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಸೌಂದರ್ಯಾ ಓಡಿ ಫೋನು ತಂದಳು. ಎಲ್ಲವನ್ನೂ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ಅತ್ತೆಯ ಕೈ ಅವಳ ಮಣಿಕಟ್ಟು ಹಿಡಿಯಿತು. ಇನ್ನೂ ನಡುಗುತ್ತಿತ್ತು, ಆದರೆ ಬಿಗಿಯಾಗಿತ್ತು.

"ಅವಗ ಗೊತ್ತಾದ್ರ ನಾಳಿಂದ ನನ್ನ ಪಡಸಾಲ್ಯಾಗ ಖುರ್ಚಿ ಮ್ಯಾಲ ಕುಂಡ್ರಸ್ತಾನ, ಎಲ್ಲಾರ ಎದುರಿಗೆ," ಎಂದು ಪಿಸುಗುಟ್ಟಿದಳು. "ಈ ಮನಿಗೆ ಬಂದಾಗಿಂದ ನಾ ಬಾಗಲಾ ಮುಚ್ಚಿಗೊಂಡು ಕುಂತದ್ದು ಇದೊಂದಽ ಹೊತ್ತು. ಪೂಜಾ ಮುಗಿದಿಲ್ಲ ಅನ್ನು."

"ಹಲೋ? ಅವ್ವಂದು ನಾಷ್ಟಾ ಆತೇನು?" ಹಿಂದೆ ಸವಾಲಿಗೆ ಕೂಡಿದವರ ಗದ್ದಲ ಕೇಳುತ್ತಿತ್ತು.

"ಇನ್ನಾ ಪೂಜಾದಾಗ ಕುಂತಾರ್ರಿ."

"ಇಷ್ಟೊತ್ತೇನು? ಸೂಜಿ ಮಾಡೀಯಿಲ್ಲೋ?"

"ಮಾಡೇನ್ರಿ."

"ಮತ್ತ ಯಾಕ ತಡಾ?"

ಸೌಂದರ್ಯಾ ಅತ್ತೆಯ ಮಡಿಲು ನೋಡಿದಳು. ಒದ್ದೆ ದಳವೊಂದು ಆಕೆಯ ಮಣಿಕಟ್ಟಿಗೆ ಅಂಟಿಕೊಂಡಿತ್ತು.

"ಪತ್ರಿ ಭಾಳ ಇದ್ದುವ್ರಿ," ಎಂದಳು. ಆ ದಳವನ್ನು ಬಿಡಿಸಿದಳು. "ನಾನಽ ಹಾಕಿದ್ದೆ. ಬೇಕಂತಽ ಹಾಕಿದ್ದೆ."

"ಹಾಕಿದ್ರ ಛಲೋ ಆತು ಬಿಡು, ಪುಣ್ಯಾ ಬರತೈತಿ," ಎಂದು ಬಸವಪ್ರಭು ಫೋನು ಇಟ್ಟ.